ಎತ್ತೊರೆಯ ಅಟ್ಟದಲ್ಲಿ ಮಾಸ್ತರರ ಪರೀಕ್ಷೆ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ, ಇಟಲಿ ದೇಶ ಬೂಟಿನ ಆಕಾರದಲ್ಲಿದೆ ಎಂದು ಮೂವತ್ತೊಂದು ಸಲ ಹೇಳಿದ ಪಂಢರಿನಾಥ ಮಾಸ್ತರರಿಗೆ ನಿವೃತ್ತಿಯಾದ ಮೇಲೆ ಒಂದೇ ಒಂದು ಕೊರಗು ಉಳಿದಿತ್ತು: ಸ್ವಂತ ತೋಟದಲ್ಲಿ ತಮ್ಮ ಮಾತಿಗೆ ಕಿಮ್ಮತ್ತಿಲ್ಲ. ಬಸವನ ಬಾಗೇವಾಡಿಯ ಪೇಟೆಯಲ್ಲಿ ಹೊರಟರೆ ಇವತ್ತಿಗೂ ಹತ್ತು ಜನ ಕೈ ಮುಗಿಯುತ್ತಾರೆ. ಆದರೆ ಮುಳವಾಡದ ಹತ್ತಿರದ ಐದು ಎಕರೆ ದ್ರಾಕ್ಷಿ ತೋಟಕ್ಕೆ ಕಾಲಿಟ್ಟರೆಂದರೆ ಅವರಿಗೂ ಬೇಲಿಗೆ ಕಟ್ಟಿದ ಹಳೆಯ ಸೀರೆಗೂ ಹೆಚ್ಚಿನ ವ್ಯತ್ಯಾಸ ಇರುತ್ತಿರಲಿಲ್ಲ. (ಸೀರೆಯಾದರೂ ಹಕ್ಕಿ ಓಡಿಸುತ್ತಿತ್ತು.)

ತೋಟ ಬಂದದ್ದು ಹೆಂಡತಿ ಗೋದೂಬಾಯಿಯ ತವರಿನಿಂದ. ಜಮೀನಿನ ದಾಖಲೆಯಾದ ಉತಾರದಲ್ಲಿ ಇದ್ದದ್ದೂ ಆಕೆಯ ಹೆಸರೇ. ತೋಟದ ನಡುವೆ ಒಣದ್ರಾಕ್ಷಿ ಮಾಡುವ ಉದ್ದನೆಯ ಶೆಡ್ಡಂತೂ ಆಕೆಯ ಸಾಮ್ರಾಜ್ಯ. ಒಳಗೆ ಬರುವವರು ಚಪ್ಪಲಿ ಬಿಡಬೇಕು, ಕೈ ತೊಳೆಯಬೇಕು, ಜಾಳಿಗೆಯ ಮೇಲೆ ಹರವಿದ ಹಣ್ಣಿನತ್ತ ಬಾಗಿ ಮಾತಾಡಬಾರದು, ಉಗುಳು ಸಿಡಿಯುತ್ತದೆ. ಮಾತಾಡದೆ ಬಾಗುವ ವಿದ್ಯೆ ಮಾಸ್ತರರಿಗೆ ಒಲಿದಿರಲಿಲ್ಲ. ಹೀಗಾಗಿ ಅವರಿಗೆ ಹೊರಗೆ ಬೇವಿನ ನೆರಳಿನಲ್ಲಿ ಒಂದು ಖುರ್ಚಿ ಹಾಕಿಕೊಟ್ಟಿದ್ದಳು.

ಅಲ್ಲಿ ಕೂತು ಮೊಬೈಲ್ ನೋಡುತ್ತಿದ್ದಾಗಲೇ ಅವರಿಗೆ ಜ್ಞಾನೋದಯವಾಯಿತು. ವೈನು! ಎರಡು ಎಕರೆ ಹಳೆಯ ಬಳ್ಳಿ ಕಿತ್ತು ವೈನ್ ದ್ರಾಕ್ಷಿ ಹಚ್ಚಬೇಕು. ಜಗತ್ತಿನ ಗಣ್ಯರು ಗ್ಲಾಸು ತಿರುಗಿಸುತ್ತ, "ಇದು ಯಾರ ತೋಟದ್ದು?" ಎಂದು ಕೇಳಬೇಕು. "ಪಂಢರಿನಾಥರದು" ಎಂದು ಉತ್ತರ ಬರಬೇಕು.

ಇದರಲ್ಲಿ ಒಂದು ಸಣ್ಣ ತೊಡಕಿತ್ತು. ಗಂಡ ಹೆಂಡತಿ ಇಬ್ಬರೂ ಪಂಢರಪುರದ ವಾರಿಗೆ, ವಿಠ್ಠಲನ ಪಾದಯಾತ್ರೆಗೆ, ನಡೆದುಕೊಳ್ಳುವವರು. ಇಬ್ಬರ ಕೊರಳಲ್ಲೂ ತುಳಸಿಮಾಲೆ. ಮದ್ಯವೆಂಬುದನ್ನು ಮಾಸ್ತರರು ಜನ್ಮದಲ್ಲಿ ಮುಟ್ಟಿರಲಿಲ್ಲ. ಆದರೆ ಮುಟ್ಟದ್ದರ ಬಗ್ಗೆ ಪಾಠ ಮಾಡಲು ಅವರಿಗೆ ಯಾವತ್ತೂ ಅಡಚಣೆಯಾದದ್ದಿಲ್ಲ. (ಹಿಮಾಲಯವನ್ನೂ ಅವರು ಮುಟ್ಟಿರಲಿಲ್ಲ.) ಮೂರು ತಿಂಗಳು ವಿಡಿಯೋ ನೋಡಿ, ಮಧ್ಯಾಹ್ನದ ಮಜ್ಜಿಗೆಯ ಮೇಲೆ ಅಭ್ಯಾಸಕ್ಕಿಳಿದರು. ಲೋಟವನ್ನು ಓರೆ ಮಾಡಿ, ಗರಗರ ತಿರುಗಿಸಿ, ಮೂಗನ್ನು ಒಳಗಿಟ್ಟು, ಕಣ್ಣು ಮುಚ್ಚಿ ಅಂದರು:

"ಇದರಾಗ ಹಳೇ ಕಟ್ಟಿಗಿ ವಾಸನಿ ಐತಿ, ಗೋದೂ. ಹಿಂದಿನಿಂದ ಸ್ವಲ್ಪ ಹೊಗಿ ಬರ್ತೈತಿ. ಒಟ್ಟಾರೆ ಗಂಭೀರ ಐತಿ."

"ಒಗ್ಗರಣಿ ಹೊತ್ತೈತ್ರಿ. ಅದರಾಗ ಗಂಭೀರ ಏನು ಬಂತು? ಸುಮ್ನ ಕುಡೀರಿ."

ಕುಡಿದರು. ಕುಡಿದು, ಧೈರ್ಯ ಮಾಡಿ ಎರಡು ಎಕರೆಯ ವಿಷಯ ತೆಗೆದರು.

"ನಮ್ಮಪ್ಪ ಕೊಟ್ಟ ಹೊಲದಾಗ ಸೆರಿ ಬೆಳ್ಯಾಕ ನಾ ಸೈ ಮಾಡಂಗಿಲ್ಲ," ಎಂದಳು ಗೋದೂಬಾಯಿ.

"ಹೊಲದಾಗ ಸೆರಿ ಬೆಳ್ಯಾಂಗಿಲ್ಲ. ದ್ರಾಕ್ಷಿ ಬೆಳೀತೈತಿ."

"ಹಂಗಾದರ ಈಗ ನಾ ಬೆಳ್ಯಾಕತ್ತಿದ್ದೇನು, ಗಜ್ಜರಿಯೇನು?"

ಈ ಪ್ರಶ್ನೆಗೆ ಭೂಗೋಳದಲ್ಲಿ ಉತ್ತರವಿರಲಿಲ್ಲ. ಆದರೆ ಮಾಸ್ತರರು ಆಗಲೇ ಒಂದು ವೈನ್ ಕಂಪನಿಯವನಿಗೆ ಮಾತು ಕೊಟ್ಟುಬಿಟ್ಟಿದ್ದರು. ಅವನು ಛಾಪಾ ಕಾಗದದ ಮೇಲೆ ಕರಾರುಪತ್ರ ಬರೆಸಿ ತಂದುಕೊಟ್ಟು, "ಬಾಯಿಯವರ ಸೈ ಒಂದು ಆದರ ಮುಗೀತ್ರಿ ಸರ್" ಎಂದು ಹೇಳಿ ಹೋಗಿದ್ದ. ಒಂದು ಸೈ! ಪಾಪ, ಅವನಿಗೆ ಮದುವೆಯಾಗಿರಲಿಲ್ಲ.

ಅಷ್ಟರಲ್ಲಿ ದೇವರೇ ದಾರಿ ತೋರಿಸಿದ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ತಾಲೂಕಿನ ಹನ್ನೆರಡು ಜನ ದ್ರಾಕ್ಷಿ ಬೆಳೆಗಾರರು ಕೂಡಿ ಇಟಲಿಗೆ ಅಧ್ಯಯನ ಪ್ರವಾಸ ಹೊರಟರು. ಮುಂದಾಳು ಯಂಕಂಚಿಯ ಶ್ರೀಶೈಲಪ್ಪ. ಅಲ್ಲಿಯ ಒಂದು ಗುಡ್ಡದ ಮೇಲೆ ಎತ್ತೊರೆ ಎಂಬ ಮುದುಕ ಮೂರು ತಲೆಮಾರಿನ ಹಳೇ ಪದ್ಧತಿಯಲ್ಲಿ ದ್ರಾಕ್ಷಿ ಒಣಗಿಸಿ ವೈನು ಮಾಡುತ್ತಾನೆಂದೂ, ಅವನ ದರ್ಶನ ಪ್ರವಾಸದ ಮುಖ್ಯ ಭಾಗವೆಂದೂ ಗೊತ್ತಾಯಿತು. ಆ ಘನತೆ, ಆ ಪರಂಪರೆ ಒಮ್ಮೆ ಕಣ್ಣಾರೆ ಕಂಡರೆ ಗೋದೂಬಾಯಿಯ ಮನಸ್ಸು ಕರಗುತ್ತದೆ, ಗುಡ್ಡದ ಮೇಲೆಯೇ ಸೈ ಹಾಕಿಸಿಕೊಳ್ಳಬಹುದು ಎಂದು ಮಾಸ್ತರರು ಲೆಕ್ಕ ಹಾಕಿದರು. ಆದರೆ ವೈನೆಂದರೆ ಆಕೆ ಬಾಗೇವಾಡಿ ಬಿಡುವುದಿಲ್ಲ.

"ಅಲ್ಲೊಬ್ಬ ದೊಡ್ಡ ವೈದ್ಯ ಅದಾನ," ಎಂದರು. "ನಮ್ಮ ದ್ರಾಕ್ಷಾರಿಷ್ಟ ಇರ್ತೈತಲ್ಲ, ಅದರಂಗ ಔಷಧ ಮಾಡ್ತಾನ. ನಿನ್ನ ಕೆಮ್ಮಿಗೂ ಛಲೋ."

ಗೋದೂಬಾಯಿ ವ್ಯಾಪಾರಿ ತಂದ ಮಾಲನ್ನು ಅಂಗೈಯಲ್ಲಿ ಹೊರಳಿಸಿ ನೋಡುವಂತೆ ಗಂಡನ ಮುಖವನ್ನು ಒಂದು ಕ್ಷಣ ನೋಡಿದಳು.

"ಬರ್ತೇನಿ," ಎಂದಳು. ಅಷ್ಟು ಬೇಗ ಒಪ್ಪಿದ್ದಕ್ಕೆ ಮಾಸ್ತರರಿಗೆ ಸಂಶಯ ಬರಬೇಕಾಗಿತ್ತು. ಬರಲಿಲ್ಲ, ಸಂತೋಷವಾಯಿತು.

ಸೆಪ್ಟೆಂಬರ್ ಕೊನೆಯ ವಾರ, ಒಂದು ಏಕಾದಶಿಯ ಮುಂಜಾನೆ, ಬಸ್ಸು ಅವರನ್ನೆಲ್ಲ ಎತ್ತೊರೆಯ ಗುಡ್ಡದ ಮೇಲೆ ಇಳಿಸಿತು. ಕಲ್ಲಿನ ಹಳೇ ಮನೆ, ಅಂಗಳದಲ್ಲಿ ನಲ್ಲಿ, ಮೇಲೆ ಅಟ್ಟ. ಬಾಗಿಲಲ್ಲಿ ಎಂಬತ್ತರ ಹತ್ತಿರದ, ಕಬ್ಬಿಣದ ಸಲಾಕೆಯಂತೆ ನೆಟ್ಟಗಿದ್ದ ಮುದುಕ.

"ಹೆಸರು ಎತ್ತೊರೆ ಏನ್ರಿ?" ಎಂದು ಶ್ರೀಶೈಲಪ್ಪ ಪಿಸುಗುಟ್ಟಿದ. "ಎತ್ತೂ ಬಂತು, ಹೊರೀನೂ ಬಂತು. ಹಮಾಲರ ಮನಿತನ ಇರಬೇಕು."

ಮುದುಕನಿಗೆ ತನ್ನ ಭಾಷೆಯೊಂದು ಬಿಟ್ಟು ಬೇರೆ ಬರುತ್ತಿರಲಿಲ್ಲ. ದುಭಾಷಿ ಯಾಕೆ, ನಾನಿದ್ದೇನಲ್ಲ ಎಂದು ಮಾಸ್ತರರು ಊರಿನಲ್ಲೇ ಹೇಳಿದ್ದರು. ನಾನು ಎಂದರೆ ಅವರ ಮೊಬೈಲು. ಅದರಲ್ಲಿ ಅನುವಾದ ಮಾಡುವ ಒಬ್ಬ ಹೆಣ್ಣುಮಗಳಿದ್ದಳು. ಕಂಠ ಜೇನು. ಕನ್ನಡ ಪಠ್ಯಪುಸ್ತಕದ್ದು. ಅವಳ ಒಂದೊಂದು ವಾಕ್ಯಕ್ಕೂ ಮಾಸ್ತರರು, "ಎಷ್ಟು ಶುದ್ಧ ಮಾತು ನೋಡ್ರಿ!" ಎಂದು ತಲೆದೂಗುತ್ತಿದ್ದರು.

ಎತ್ತೊರೆ ಯಾರನ್ನೂ ಒಳಗೆ ಬಿಡಲಿಲ್ಲ. ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ಮೂಸತೊಡಗಿದ.

"ಒಣಗುತ್ತಿರುವ ದ್ರಾಕ್ಷಿಯು ಎಲ್ಲ ವಾಸನೆಗಳನ್ನೂ ಕುಡಿಯುತ್ತದೆ," ಎಂದು ಮೊಬೈಲು ವಿವರಿಸಿತು. "ವಾಸನೆಯುಳ್ಳ ಮನುಷ್ಯರು ಹೊರಗೆ ನಿಲ್ಲತಕ್ಕದ್ದು."

ಶ್ರೀಶೈಲಪ್ಪ ತಂಬಾಕಿನ ವಾಸನೆಗೆ ಹೊರಬಿದ್ದ. ಇಂಡಿಯವರಿಬ್ಬರು ಸಾಬೂನಿಗೆ ಹೋದರು. ಹೆಣ್ಣುಮಕ್ಕಳು ಮಲ್ಲಿಗೆ ಎಣ್ಣೆಗೆ. ಮಾಸ್ತರರು ಮಗಳ ಮದುವೆಯಲ್ಲಿ ಹೊಲಿಸಿದ ಸೂಟನ್ನು ಟ್ರಂಕಿನಿಂದ ತೆಗೆದು ಹಾಕಿಕೊಂಡಿದ್ದರು. ಡಾಂಬರು ಗುಳಿಗೆಯ ವಾಸನೆ ಮುಚ್ಚಲು ವಿಮಾನ ನಿಲ್ದಾಣದಲ್ಲಿ ಕೊಂಡ ಸೆಂಟನ್ನು ಧಾರಾಳವಾಗಿ ಸುರಿದುಕೊಂಡಿದ್ದರು. ತಲೆಗೆ ಎಣ್ಣೆಯೂ ಇತ್ತು. ಎತ್ತೊರೆ ಹತ್ತಿರ ಬಂದು, ಮೂರು ಸಲ ಸೀನಿ, ಏನೋ ಹೇಳಿದ.

ಮೊಬೈಲು ಜೇನಿನ ಕಂಠದಲ್ಲಿ ಹೇಳಿತು: "ಈ ಪುರುಷನು ಔಷಧಾಲಯದಂತೆಯೂ, ಕ್ಷೌರದಂಗಡಿಯಂತೆಯೂ, ಹೂವುಗಳ ಅಂತ್ಯಕ್ರಿಯೆಯಂತೆಯೂ ನಾರುತ್ತಿದ್ದಾನೆ."

ಹನ್ನೊಂದು ಜನ ನಕ್ಕರು. ಶುದ್ಧ ಮಾತಿಗೆ ಈ ಸಲ ಮಾಸ್ತರರು ತಲೆದೂಗಲಿಲ್ಲ.

ಕೊನೆಗೆ ಗೋದೂಬಾಯಿಯ ಸರದಿ. ಏಕಾದಶಿಯಾದ್ದರಿಂದ ಆಕೆ ಬಿಸಿನೀರು ಬಿಟ್ಟು ಏನೂ ತೆಗೆದುಕೊಂಡಿರಲಿಲ್ಲ. ಹೋಟೆಲಿನ ಸಾಬೂನು ಮುಟ್ಟದೆ ಬರೀ ನೀರಿನಲ್ಲಿ ಮಿಂದು, ಕೈಯಾರೆ ಒಗೆದ ನೂಲಿನ ಸೀರೆ ಉಟ್ಟಿದ್ದಳು. ಎತ್ತೊರೆ ಒಮ್ಮೆ ಮೂಸಿದ. ನಂಬಿಕೆ ಬಾರದೆ ಮತ್ತೊಮ್ಮೆ ಮೂಸಿದ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಸೊಂಟ ಬಗ್ಗಿಸಿ, ಬಾಗಿಲು ತೆರೆದು ಹಿಡಿದ.

"ಅಕಿಗೆ ಭಾಷಾ ತಿಳ್ಯಾಂಗಿಲ್ಲ, ನಾ ಬರಬೇಕು," ಎಂದು ಮಾಸ್ತರರು ಮೊಬೈಲಿನ ಮೂಲಕ ಹಟ ಹಿಡಿದರು. ಮುದುಕ ಅಂಗಳದ ನಲ್ಲಿಯತ್ತ ಬೆರಳು ತೋರಿಸಿದ.

ಗುಡ್ಡದ ನೀರು ಮಂಜಿನಷ್ಟು ತಣ್ಣಗಿತ್ತು. ಸೂಟು ಕಳಚಿ, ಬನಿಯನ್ನಿನಲ್ಲೇ ಕುಕ್ಕರುಗಾಲಲ್ಲಿ ಕೂತು ಮಾಸ್ತರರು "ವಿಠ್ಠಲಾ!" ಎಂದು ತಲೆ ಒಡ್ಡಿದರು.

"ಕಿವಿ ಹಿಂದ ಸೈತ ತಿಕ್ಕೋರಿ," ಎಂದಳು ಗೋದೂಬಾಯಿ. ಶ್ರೀಶೈಲಪ್ಪ ಇದನ್ನೆಲ್ಲ ವಿಡಿಯೋ ಮಾಡಿ ಊರಿಗೆ ಕಳಿಸಿದ. ಮಾಸ್ತರರ ತಲೆ ಒಣಗುವ ಮೊದಲೇ ಬಾಗೇವಾಡಿಯಲ್ಲಿ ಜನ ಅದನ್ನು ಎರಡೆರಡು ಸಲ ನೋಡಿಯಾಗಿತ್ತು.

ಗೋಣಿಚೀಲದಂಥ ಒಂದು ನಿಲುವಂಗಿ ತೊಟ್ಟು, ಹಲ್ಲು ಕಟಕಟಿಸುತ್ತ, ಮೊಬೈಲು ಹಿಡಿದು ಅವರು ಅಟ್ಟ ಹತ್ತಿದರು. ಕಿಟಕಿಗಳೆಲ್ಲ ಅಳತೆ ಮಾಡಿ ತೆರೆದಂತಿದ್ದವು. ಬಿದಿರಿನಂಥ ಕಡ್ಡಿಯ ತಟ್ಟಿಗಳು ಒಂದರ ಮೇಲೊಂದು. ತಟ್ಟಿಗಳ ಮೇಲೆ ಒಂದಕ್ಕೊಂದು ತಾಗದಂತೆ ಮಲಗಿಸಿದ ಗೊಂಚಲು. ಗೋಡೆಗುಂಟ ಸಣ್ಣ ಸಣ್ಣ ಪೀಪಾಯಿ, ಬಾಯಿಗೆ ಮೇಣದ ಮುದ್ರೆ.

"ಮುಟ್ಟಬೇಡಿರಿ. ಕೂಗಬೇಡಿರಿ. ಉಸಿರನ್ನು ಮಿತವಾಗಿ ಬಳಸಿರಿ," ಎಂದಿತು ಮೊಬೈಲು. ಆಮೇಲೆ ಮುದುಕ ಒಂದು ಪೀಪಾಯಿಯ ಮೇಲೆ ಕೈಯಿಟ್ಟು ಮೆಲ್ಲಗೆ ಏನೋ ಹೇಳಿದ. "ಈ ಪೀಪಾಯಿಯೊಳಗೆ ತಾಯಿ ಇದ್ದಾಳೆ. ನನ್ನ ಅಜ್ಜನು ಅವಳನ್ನು ಇಲ್ಲಿಟ್ಟನು."

ಮಾಸ್ತರರ ಕೈಯಿಂದ ಮೊಬೈಲು ಜಾರಿತು. "ಗೋದೂ, ಇಲ್ಲಿಂದ ನಡಿ. ಇವರು ಹೆಣಾ ಇಟ್ಟಾರ!"

"ಹೆಪ್ಪು ರೀ," ಎಂದಳು ಗೋದೂಬಾಯಿ. "ಮೊಸರಿನ ಗಡಗಿ ತಳಕ್ಕ ಸ್ವಲ್ಪ ಉಳಿಸ್ತೇವಲ್ಲ, ಹಂಗ. ಹಳೇದರಾಗ ಹೊಸಾದು ಹಾಕ್ತಾನ. ಅದಕ್ಕ ತಾಯಿ ಅಂತಾನ."

ಎತ್ತೊರೆಗೆ ಮಾತು ತಿಳಿಯದಿದ್ದರೂ ಆಕೆಯ ಕೈ ಹೆಪ್ಪು ಹಾಕಿ ತೋರಿಸಿದ ರೀತಿ ತಿಳಿಯಿತು. ತಲೆಯಾಡಿಸಿದ. ಮಾಸ್ತರರು ಬಿದ್ದ ಮೊಬೈಲು ಎತ್ತಿಕೊಳ್ಳುವ ಹೊತ್ತಿಗೆ ಗೋದೂಬಾಯಿ ಮೂಗು ಎತ್ತಿದಳು.

"ಇಲ್ಲೆಲ್ಲೋ ಬೂಷ್ಟ ಹಿಡದೈತಿ."

"ಸುಮ್ಮನಿರ!" ಎಂದು ಮಾಸ್ತರರು ಹಲ್ಲು ಕಚ್ಚಿ ಅಂದರು. "ಮೂರು ತಲಿಮಾರಿನ ಅಟ್ಟ ಇದು. ಹಂಗ ಅನಬಾರದು."

ಆದರೆ ಮೊಬೈಲಿನ ಕಿವಿ ತೆರೆದೇ ಇತ್ತು. ಅದು ಯಾವ ಮುಲಾಜೂ ಇಲ್ಲದೆ ಆ ಮಾತನ್ನು ಇಟಲಿಯ ಭಾಷೆಗೆ ತಿರುಗಿಸಿ ಗಟ್ಟಿಯಾಗಿ ಹೇಳಿಬಿಟ್ಟಿತು. ಮುದುಕನ ಮುಖ ಕೆಂಪಾಯಿತು.

"ಅಸಾಧ್ಯ. ಪ್ರಾತಃಕಾಲದಲ್ಲಿ ಪ್ರತಿಯೊಂದು ಗೊಂಚಲನ್ನೂ ನಾನೇ ನೋಡಿದ್ದೇನೆ. ಬೂಷ್ಟು ಇಲ್ಲದಿದ್ದರೆ ನೀವೆಲ್ಲರೂ ಈ ಕ್ಷಣವೇ ಗುಡ್ಡವನ್ನು ಇಳಿಯತಕ್ಕದ್ದು."

ಮಾಸ್ತರರು ಹೆಂಡತಿಯ ಸೆರಗು ಹಿಡಿದು ಎಳೆದರು. ಹನ್ನೆರಡು ಜನ ಸಮುದ್ರ ದಾಟಿ ಬಂದ ಪ್ರವಾಸ, ಶ್ರೀಶೈಲಪ್ಪನ ನಾಲಿಗೆ, ಊರಿನ ಮರ್ಯಾದೆ! ಗೋದೂಬಾಯಿ ಮಾತ್ರ ಸೆರಗು ಸೊಂಟಕ್ಕೆ ಸಿಗಿಸಿ ನಡೆದಳು. ಒಂದು ತಟ್ಟಿ ಮೂಸಿ ಬಿಟ್ಟಳು. ಇನ್ನೊಂದು. ಮೂಲೆಯಲ್ಲಿ, ಹಂಚಿನ ಇಳಿಜಾರಿನ ಕೆಳಗಿದ್ದ ತಟ್ಟಿಯ ಮುಂದೆ ನಿಂತಳು. ಕೈ ಹಿಂದೆ ಕಟ್ಟಿಕೊಂಡೇ ಮುಖದಿಂದ ಒಂದು ಗೊಂಚಲು ತೋರಿಸಿದಳು. ಮುಟ್ಟಬಾರದೆಂಬ ನೇಮ ಆಕೆ ಮುರಿಯಲಿಲ್ಲ.

ಎತ್ತೊರೆ ಗೊಂಚಲು ಎತ್ತಿದ. ಮೇಲೆ ಬಂಗಾರ. ತಿರುವಿದ. ಅಡಿಯಲ್ಲಿ ಮೂರು ಹಣ್ಣಿನ ನಡುವೆ ಉಗುರಿನಷ್ಟು ಬೂದು ಬಣ್ಣದ ಬೂಷ್ಟು. ಮೇಲೆ ನೋಡಿದ: ಒಂದು ಹಂಚು ಬಿರಿದಿತ್ತು.

ಮುದುಕ ನಿಧಾನವಾಗಿ ತಲೆಯ ಟೊಪ್ಪಿಗೆ ತೆಗೆದ.

ಅಲ್ಲಿಂದ ಮುಂದೆ ಅವರಿಬ್ಬರಿಗೂ ಮಾಸ್ತರರು ಬೇಕಾಗಲಿಲ್ಲ. ತಟ್ಟಿಗಳ ನಡುವೆ ಇನ್ನೂ ಒಂದು ಗೇಣು ಗಾಳಿ ಬೇಕೆಂದು ಆಕೆ ಗೇಣು ತೋರಿಸಿದಳು. ಅವನು ನಾಲ್ಕು ಬೆರಳು ಸಾಕೆಂದ. ಆಕೆ ಕನ್ನಡದಲ್ಲಿ ಬೈದಳು, ಅವನು ತನ್ನ ಭಾಷೆಯಲ್ಲಿ ಬೈದ. ನಡುವೆ ಮೊಬೈಲು, "ಕ್ಷಮಿಸಿರಿ, ಒಬ್ಬೊಬ್ಬರಾಗಿ ಜಗಳವಾಡಿರಿ" ಎಂದು ಬೇಡಿಕೊಂಡಿತು. ಕೊನೆಗೆ ಆರು ಬೆರಳಿಗೆ ರಾಜಿಯಾಯಿತು.

ಕೆಳಗಿಳಿದು ಬಂದ ಮೇಲೆ ಗೋದೂಬಾಯಿ ತಾನು ತಂದಿದ್ದ ಒಣದ್ರಾಕ್ಷಿಯ ಡಬ್ಬಿ ತೆರೆದಳು. ಎತ್ತೊರೆ ಒಂದನ್ನು ಬಾಯಿಗಿಟ್ಟು ಕಣ್ಣು ಮುಚ್ಚಿ, ಬಹಳ ಹೊತ್ತು ಅಗಿದ. ಮತ್ತೊಂದು ತೆಗೆದುಕೊಂಡ. ಆಮೇಲೆ ಕೈ ಒಡ್ಡಿ ನಿಂತೇಬಿಟ್ಟ.

"ತಡೀರಿ, ಕಟ್ಟಿಕೊಡ್ತೇನಿ," ಎಂದು ಆಕೆ ಗಂಡನ ಚೀಲದ ಅಡಿಗೆ ಕೈ ಹಾಕಿ ಒಂದು ದಪ್ಪ ಕಾಗದ ಎಳೆದಳು. ಚಕಚಕ ಮಡಚಿ ಪೊಟ್ಟಣ ಮಾಡಿ, ಒಣದ್ರಾಕ್ಷಿ ತುಂಬಿ, ತುದಿ ಒಳಗೆ ಸೇರಿಸಿದಳು.

ಪೊಟ್ಟಣದ ಹೊಟ್ಟೆಯ ಮೇಲೆ ಸರ್ಕಾರದ ಮುದ್ರೆ ಕಾಣುತ್ತಿತ್ತು.

"ಗೋದೂ, ಆ ಕಾಗದಾ..."

"ಯಾವ ಕಾಗದಾ?" ಆಕೆ ತಿರುಗಿ ಶಾಂತವಾಗಿ ನೋಡಿದಳು. "ಬೇಕಾಗಿತ್ತೇನ್ರಿ? ಏನು ಬರದಿತ್ತು ಅದರಾಗ?"

"...ಏನಿಲ್ಲ."

ಕರಾರುಪತ್ರ ಎತ್ತೊರೆಯ ಅಂಗಿಯ ಕಿಸೆ ಸೇರಿತು. ಮಾಸ್ತರರು ಕೊನೆಯ ಅಸ್ತ್ರ ತೆಗೆದರು. ಎಲ್ಲರೂ ಕೇಳುವಂತೆ ಮೊಬೈಲಿನಲ್ಲಿ, "ನಾನು ನಮ್ಮ ಊರಿನಲ್ಲಿ ವೈನ್ ದ್ರಾಕ್ಷಿ ಬೆಳೆಯಬಹುದೇ? ತಾವು ಹಿರಿಯರು, ಹೇಳಬೇಕು" ಎಂದು ಕೇಳಿದರು.

ಎತ್ತೊರೆ ಅವರನ್ನು ಕೂಡಿಸಿ ಪರೀಕ್ಷೆ ಶುರು ಮಾಡಿದ. ಮಣ್ಣು ಎಂಥದು? ಮಾಸ್ತರರು ಜ್ವಾಲಾಮುಖಿಯಿಂದ ಆರಂಭಿಸಿ ಹತ್ತು ನಿಮಿಷ ಹೇಳಿದರು. ಮಳೆ ನಿಂತು ಎಷ್ಟು ದಿನಕ್ಕೆ ಆ ಮಣ್ಣು ಬಿರಿಯುತ್ತದೆ? ಗೊತ್ತಿರಲಿಲ್ಲ. ಬಳ್ಳಿಗೆ ಎಷ್ಟು ಗೊಂಚಲು ಉಳಿಸುತ್ತೀರಿ? ಗೊತ್ತಿರಲಿಲ್ಲ. ಕತ್ತರಿ ಹಿಡಿದ ಕೈ ತೋರಿಸಿರಿ. ತೋರಿಸಿದರು. ಮೂವತ್ತೊಂದು ವರ್ಷ ಸೀಮೆಸುಣ್ಣ ಹಿಡಿದ ಕೈ ಬೆಣ್ಣೆಯಂತಿತ್ತು. ಪ್ರತಿ ಪ್ರಶ್ನೆಗೂ ಹಿಂದಿನಿಂದ ಗೋದೂಬಾಯಿ ಉತ್ತರ ಹೇಳುತ್ತಿದ್ದಳು. ತರಗತಿಯಲ್ಲಿ ಹೀಗೆ ಹೇಳಿಕೊಡುವವರನ್ನು ಮಾಸ್ತರರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಫಲಿತಾಂಶವನ್ನು ಮೊಬೈಲು ಪ್ರಕಟಿಸಿತು: "ಈ ಮಹಿಳೆಯು ಏನನ್ನು ಬೇಕಾದರೂ ಬೆಳೆಯಬಲ್ಲಳು. ಈ ಪುರುಷನು ನೀರು ಹೊರಬಹುದು."

ಅವರ ಮುಖ ನೋಡಿ ಮುದುಕನಿಗೇ ಮರುಕ ಹುಟ್ಟಿರಬೇಕು. ಒಳಗೆ ಹೋಗಿ ಹೆಬ್ಬೆರಳಿನಷ್ಟು ದೊಡ್ಡ ಗ್ಲಾಸಿನಲ್ಲಿ ಜೇನುಬಣ್ಣದ ವೈನು ತಂದು ಗೋದೂಬಾಯಿಯ ಮುಂದೆ ಹಿಡಿದ. ಆಕೆ ತುಳಸಿಮಾಲೆ ಮುಟ್ಟಿ ತೋರಿಸಿ ಕೈ ಮುಗಿದಳು. ಅವನು ಬೇಸರಿಸದೆ ಗ್ಲಾಸನ್ನು ಮಾಸ್ತರರತ್ತ ಚಾಚಿದ.

ಮೂರು ತಿಂಗಳ ಅಭ್ಯಾಸ ಸಾರ್ಥಕವಾಗುವ ಗಳಿಗೆ! ಮಾಸ್ತರರು ಗ್ಲಾಸು ಹಿಡಿದು ಓರೆ ಮಾಡಿದರು. ತಿರುಗಿಸಿದರು. ಮೂಗಿಗೆ ಹಿಡಿದರು.

"ಔಷಧ ಅಂದಿದ್ರಲ್ರಿ?" ಎಂದಳು ಗೋದೂಬಾಯಿ.

"ಹೌದು. ಔಷಧನ."

"ಔಷಧ ಆದರ ಕೆಮ್ಮು ನನಗೈತಿ, ನಿಮಗೇನಾಗೈತಿ? ಸೆರಿ ಆದರ ಕೊರಳಾಗ ಮಾಲಿ ಐತಿ, ಮ್ಯಾಲ ಇವತ್ತ ಏಕಾದಶಿ. ಯಾವುದು ಅನ್ನೂದು ನೀವ ಹೇಳ್ರಿ, ಮಾಸ್ತರ್ರ."

ಮಾಸ್ತರರು ಗ್ಲಾಸನ್ನು ಇನ್ನೂ ಒಮ್ಮೆ ತಿರುಗಿಸಿದರು. ಎತ್ತೊರೆ ಏನೆಂದು ಕೇಳಿದ. ಮೊಬೈಲು ಎಲ್ಲವನ್ನೂ, ಔಷಧದ ಸುಳ್ಳಿನ ಸಮೇತ, ಒಂದಕ್ಷರ ಬಿಡದೆ ಅವನಿಗೆ ಒಪ್ಪಿಸಿತು. ಮುದುಕನ ಹುಬ್ಬು ಗಂಟಿಕ್ಕಿತು.

"ನೇಮವೆಂದರೆ ನೇಮ," ಎಂದಿತು ಜೇನಿನ ಕಂಠ. ಎತ್ತೊರೆ ಮಾಸ್ತರರ ಕೈಯಿಂದ ಗ್ಲಾಸು ಬಿಡಿಸಿಕೊಂಡು, ಗೋದೂಬಾಯಿಯ ಕಡೆ ಒಮ್ಮೆ ತಲೆ ಬಾಗಿಸಿ, ತಾನೇ ಕುಡಿದುಬಿಟ್ಟ.

ಗುಡ್ಡ ಇಳಿಯುವಾಗ ಬಸ್ಸಿನಲ್ಲಿ ಮಾಸ್ತರರು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ತಲೆ ಇನ್ನೂ ಹಸಿಯಾಗಿತ್ತು. ಗೋದೂಬಾಯಿ ತನ್ನ ಶಾಲು ತೆಗೆದು ಅವರ ತಲೆಗೆ ಸುತ್ತಿದಳು.

"ನಿನಗ ಎಲ್ಲಾ ಮೊದಲ ಗೊತ್ತಿತ್ತೇನು?" ಎಂದರು ಸೋತ ದನಿಯಲ್ಲಿ.

"ನಿಮ್ಮ ಚೀಲಾ ತುಂಬಿದಾಕಿ ನಾನ ರೀ. ಕಾಗದಾ ಓದಾಕ ನನಗೂ ಬರ್ತೈತಿ."

"ಮತ್ತ ಯಾಕ ಬಂದಿ?"

"ಇಟಲಿ ಬೂಟಿನಂಗ ಐತಿ ಅಂತ ಲಗ್ನ ಆದಾಗಿಂದ ಹೇಳಾಕತ್ತೀರಿ. ನ್ವಾಡಬೇಕಂತ ನನಗೂ ಆಸೆ ಇರ್ತೈತಿಲ್ಲೋ?" ಶಾಲಿನ ತುದಿ ಸಿಗಿಸುತ್ತ ಅಂದಳು, "ಆ ಮುದುಕನ ಸೆರಿ ಅವನಿಗಿರ್ಲಿ. ಆದರ ಗೊಂಚಲಾ ಇಡಿಯಾಗಿ ಒಣಗಸೂದು ಛಲೋ ಐತಿ. ಈ ಸುಗ್ಗಿಗೆ ನಾನೂ ಒಂದ ನಾಕು ಸಾಲು ಹಂಗ ಮಾಡಿ ನೋಡ್ತೇನಿ. ದಿನಾ ಒಂದೊಂದ ಗೊಂಚಲಾ ಕೈಲೆ ತಿರುವಬೇಕು. ಹಗುರ ಕೈಯವ್ರು ಬೇಕು. ಬ್ಯಾರೆ ಕೆಲಸ ಇಲ್ದವ್ರು."

ಹೀಗೆ ಹೇಳಿ ಆಕೆ ಗಂಡನ ಬೆಣ್ಣೆಯಂಥ ಕೈಗಳ ಕಡೆ ನೋಡಿದಳು.

ಫೆಬ್ರವರಿಯಲ್ಲಿ ಸುಗ್ಗಿ ಬಂತು. ನೆರಳಿನಲ್ಲಿ ಗೊಂಚಲು ಸಮೇತ ಒಣಗಿಸಿದ ಗೋದೂಬಾಯಿಯ ದ್ರಾಕ್ಷಿಯ ಸುದ್ದಿ ನಾಲ್ಕೂ ತಾಲೂಕಿಗೆ ಹಬ್ಬಿತು. ನೋಡಲು ಜನ ಬರತೊಡಗಿದರು. ಚಪ್ಪಲಿ ಬಿಟ್ಟು, ಕೈ ತೊಳೆದು, ಬಾಗಿಲಲ್ಲಿ ಮೂಸಿಸಿಕೊಂಡು ಒಳಗೆ ಹೋದರು. ಒಂದು ದಿನ ಮುದ್ದೇಬಿಹಾಳದ ಕಡೆಯ ರೈತನೊಬ್ಬ ಎಲ್ಲವನ್ನೂ ಕೇಳಿ ತಿಳಿದುಕೊಂಡು ಹೊರಡುವಾಗ, ಶೆಡ್ಡಿನ ತುದಿಯಲ್ಲಿ ತಲೆಗೆ ವಸ್ತ್ರ ಸುತ್ತಿ, ತುಟಿ ಬಿಗಿಹಿಡಿದು, ಗೊಂಚಲುಗಳ ಮೇಲೆ ಬಾಗಿದ್ದ ವಯಸ್ಸಾದವರೊಬ್ಬರನ್ನು ಕಂಡ.

"ಅವರು ಯಾರ್ರಿ ಬಾಯಾರ? ಹೊಸಾ ಆಳೇನ್ರಿ?"

"ಕಲಿಯಾಕತ್ತಾರ್ರಿ," ಎಂದಳು ಗೋದೂಬಾಯಿ. "ಕೈ ಇನ್ನೂ ಕುಂದ್ರವಲ್ದು. ಆದರ ಮನಷಾ ಛಲೋ."

ಪಂಢರಿನಾಥ ಮಾಸ್ತರರಿಗೆ ಮಾತು ಪೂರ್ತಿ ಕೇಳಿಸಿತು. ಅದಕ್ಕೆ ಕೊಡಬೇಕಾದ ಉತ್ತರವೂ, ಎರಡು ಉದಾಹರಣೆಗಳ ಸಮೇತ, ನಾಲಿಗೆಯ ತುದಿಗೆ ಬಂತು. ಆದರೆ ಮೂರನೆಯ ಸಾಲು ಇನ್ನೂ ಅರ್ಧ ತಿರುವುವುದಿತ್ತು, ಗೋದೂಬಾಯಿ ಈ ಕಡೆಗೇ ಬರುತ್ತಿದ್ದಳು. ಅವರು ಉಸಿರು ಹಿಡಿದು ಮುಂದಿನ ಗೊಂಚಲು ತಿರುವಿದರು.